ಓದಲು ಯಾವ ಸೀಮೆಗೆ ಹೋಗಬೇಕು?

(ಕಿನ್ನಾಳದಲ್ಲಿ, ಪದವಿ ತರಗತಿ ಸೇರಲಿರುವ ವಿದ್ಯಾರ್ಥಿಗಳು ಹಾಗೂ ಪಾಲಕರೆದುರು ಮಾಡಿದ ಭಾಷಣ)



ಪರೀಕ್ಷೆಯ ಫಲಿತಾಂಶ ಬಂದೊಡನೆ ಮನೆಮನೆಯಲ್ಲೂ ಏಳುವ ಪ್ರಶ್ನೆ ಒಂದೇ: ಮುಂದೆ ಎಲ್ಲಿ? ಕೊಪ್ಪಳವೋ, ಬಳ್ಳಾರಿಯೋ, ಧಾರವಾಡವೋ, ಬೆಂಗಳೂರೋ? ಉಳ್ಳವರ ಮಕ್ಕಳಿಗೆ ಇದು ಇಷ್ಟಾನಿಷ್ಟದ ಮಾತು. ಮರದ ಗೊಂಬೆಗೆ ಬಣ್ಣ ಹಚ್ಚುವ ಚಿತ್ರಗಾರನ ಮಗನಿಗೆ, ಕೂಲಿಗೆ ಹೋಗುವ ತಾಯಿಯ ಮಗಳಿಗೆ ಇದು ಕೋಣೆಯ ಬಾಡಿಗೆ, ಎರಡು ಹೊತ್ತಿನ ಊಟ, ಬಸ್ಸಿನ ವೇಳೆ ಇವುಗಳ ಮಾತು. ಆದುದರಿಂದ ನಾನು ಊರೂರಿನ ವೈಭವವನ್ನು ವರ್ಣಿಸಲು ಬಂದಿಲ್ಲ. ಲೆಕ್ಕ ಹಾಕಲು ಬಂದಿದ್ದೇನೆ.

ನಮ್ಮ ಹಿರಿಯರಿಗೆ ಈ ಆಯ್ಕೆಯೇ ಇರಲಿಲ್ಲ. ನಿಜಾಮನ ಸಂಸ್ಥಾನಕ್ಕೆಲ್ಲ ಇದ್ದುದು 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯವೊಂದೇ. ಅಲ್ಲಿನ ಬೋಧನೆ ಉರ್ದುವಿನಲ್ಲಿ; ಕನ್ನಡ ಶಾಲೆಯ ಹುಡುಗನಿಗೆ ಅದರ ಬಾಗಿಲು ಅರ್ಧ ಮುಚ್ಚಿದಂತೆಯೇ. 1938ರಲ್ಲಿ ವಂದೇ ಮಾತರಂ ಹಾಡಿದ್ದಕ್ಕಾಗಿ ಅಲ್ಲಿಂದ ಹೊರದೂಡಲ್ಪಟ್ಟ ವಿದ್ಯಾರ್ಥಿಗಳು ಸಂಸ್ಥಾನದ ಗಡಿ ದಾಟಿ ನಾಗಪುರ ವಿಶ್ವವಿದ್ಯಾಲಯದಲ್ಲಿ ಆಶ್ರಯ ಪಡೆಯಬೇಕಾಯಿತು. ಮುಂದೆ ಪ್ರಧಾನಿಯಾದ ಪಿ. ವಿ. ನರಸಿಂಹರಾಯರೂ ಅವರಲ್ಲೊಬ್ಬರು.

1956ರಲ್ಲಿ ಏಕೀಕರಣವಾದ ಮೇಲೆ ಧಾರವಾಡದ ವಿಶ್ವವಿದ್ಯಾಲಯ ನಮ್ಮದೂ ಆಯಿತು. 1980ರಲ್ಲಿ ಗುಲಬರ್ಗಾ, 2010ರಲ್ಲಿ ಬಳ್ಳಾರಿ, 2023ರಲ್ಲಿ ತಳಕಲ್ಲಿನ ಕೊಪ್ಪಳ ವಿಶ್ವವಿದ್ಯಾಲಯ: ಹೀಗೆ ವಿದ್ಯೆ ಹೆಜ್ಜೆ ಹೆಜ್ಜೆಯಾಗಿ ನಮ್ಮ ಕಡೆಗೆ ಬಂದಿದೆ. ಆದರೆ 2025ರ ಫೆಬ್ರವರಿಯಲ್ಲಿ ಸಚಿವ ಸಂಪುಟದ ಉಪಸಮಿತಿ ಒಂಬತ್ತು ಹೊಸ ವಿಶ್ವವಿದ್ಯಾಲಯಗಳನ್ನು ಮುಚ್ಚಬಹುದೆಂದು ಹೇಳಿದಾಗ ಕೊಪ್ಪಳದ ಹೆಸರೂ ಅದರಲ್ಲಿತ್ತು. ಬಂದದ್ದು ತಾನಾಗಿಯೇ ಉಳಿಯುತ್ತದೆಂದು ನಂಬಿ ಕೂಡುವಂತಿಲ್ಲ.

ಇನ್ನು ಲೆಕ್ಕಕ್ಕೆ ಬರೋಣ. ಮೊದಲನೆಯದು ವಿಷಯ. ನಿಮಗೆ ಬೇಕಾದ ವಿಷಯ ಕೊಪ್ಪಳದಲ್ಲಿಯೇ ಇದ್ದರೆ, ಪದವಿಗಾಗಿ ದೂರದ ಪಟ್ಟಣಕ್ಕೆ ಹೋಗಿ ಸಾಲ ಮಾಡುವುದರಲ್ಲಿ ಯಾವ ದೊಡ್ಡಸ್ತಿಕೆಯೂ ಇಲ್ಲ. ಇಲ್ಲದಿದ್ದರೆ, ದೂರವೆಂಬ ಅಂಜಿಕೆಯಿಂದ ಬೇಡವಾದ ವಿಷಯವನ್ನು ಕಟ್ಟಿಕೊಳ್ಳುವುದೂ ಸಲ್ಲದು.

ಎರಡನೆಯದು ದಾರಿ. ಸರ್ಕಾರಿ ನಕ್ಷೆಯಲ್ಲಿ ನಮ್ಮ ವಿಭಾಗದ ಕೇಂದ್ರ ಕಲಬುರಗಿ. ಆದರೆ ಕೊಪ್ಪಳದಲ್ಲಿ ರೈಲು ಹತ್ತಿದವನಿಗೆ ಒಂದು ಕಡೆ ಗದಗ, ಹುಬ್ಬಳ್ಳಿ, ಧಾರವಾಡ, ಇನ್ನೊಂದು ಕಡೆ ಹೊಸಪೇಟೆ, ಬಳ್ಳಾರಿ ಹತ್ತಿರ. 2025ರಲ್ಲಿ ತಳಕಲ್ಲಿನಿಂದ ಕುಷ್ಟಗಿಗೂ ರೈಲು ಓಡತೊಡಗಿತು. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಗೆ ದುಡ್ಡಿಲ್ಲ. ಒಳ್ಳೆಯದೇ ಆಯಿತು. ಆದರೆ ಹತ್ತು ಗಂಟೆಯ ತರಗತಿಗೆ ಹನ್ನೊಂದಕ್ಕೆ ತಲುಪಿಸುವ ಬಸ್ಸು ಪುಕ್ಕಟೆಯಾದರೇನು ಬಂತು?

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದುದು, ತಲೆಯ ಮೇಲಿನ ಸೂರು. ಬೇರೆ ಊರಿನಲ್ಲಿ ಹುಡುಗನ ಓದು ಅರ್ಧಕ್ಕೆ ನಿಲ್ಲುವುದು ಬಹಳ ಸಲ ಬುದ್ಧಿಯ ಕೊರತೆಯಿಂದಲ್ಲ, ಮೂರನೆಯ ತಿಂಗಳ ಬಾಡಿಗೆಯಿಂದ. ಹಾಸ್ಟೆಲ್ಲು ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗಳಿಗೆ ಊಟ ವಸತಿಗೆಂದು ವಿದ್ಯಾಸಿರಿ ಯೋಜನೆ 2013ರಲ್ಲಿ ಆರಂಭವಾದಾಗ ಕೊಟ್ಟದ್ದು ತಿಂಗಳಿಗೆ 1500 ರೂಪಾಯಿ, ಅದೂ ವರ್ಷದಲ್ಲಿ ಹತ್ತು ತಿಂಗಳು. ಪಟ್ಟಣದಲ್ಲಿ ಆ ಹಣಕ್ಕೆ ಕೋಣೆ ಸಿಕ್ಕರೆ ಊಟವಿಲ್ಲ, ಊಟ ಸಿಕ್ಕರೆ ಕೋಣೆಯಿಲ್ಲ. ಕೊಪ್ಪಳದ ಗವಿಮಠ ಸಾವಿರಾರು ಬಡ ಮಕ್ಕಳಿಗೆ ಅನ್ನ ವಸತಿ ಕೊಟ್ಟು ಓದಿಸುತ್ತಿದೆ. ಅದಕ್ಕೆ ನಾವು ಋಣಿಗಳು. ಆದರೆ ಮಠ ಮಾಡುತ್ತಿದೆಯೆಂದು ಸರ್ಕಾರ ತನ್ನ ಹೊಣೆಯಿಂದ ಜಾರಿಕೊಳ್ಳಲಾಗದು.

ಇನ್ನೊಂದು ಮಾತು. ಸಂವಿಧಾನದ 371(ಜೆ) ವಿಧಿ ನಮ್ಮ ಭಾಗಕ್ಕೆ ದೊರೆತ ಹಕ್ಕು. ಅದರಂತೆ 2013ರಲ್ಲಿ ಹೊರಟ ಆದೇಶದಲ್ಲಿ ಈ ಪ್ರದೇಶದ ವಿದ್ಯಾಸಂಸ್ಥೆಗಳಲ್ಲಿ ನೂರಕ್ಕೆ 70, ರಾಜ್ಯಮಟ್ಟದ ಸಂಸ್ಥೆಗಳಲ್ಲಿ ನೂರಕ್ಕೆ 8 ಸ್ಥಾನ ನಮ್ಮ ಮಕ್ಕಳಿಗೆ ಮೀಸಲಾದವು. ಇಲ್ಲಿಯೇ ಹುಟ್ಟಿದವನು ಹೊರಗೆ ಓದಲು ಹೋದ ಮಾತ್ರಕ್ಕೆ ಈ ಅರ್ಹತೆ ಕಳೆದುಕೊಳ್ಳುವುದಿಲ್ಲ. ಪ್ರಮಾಣಪತ್ರವನ್ನು ಕೊನೆಯ ದಿನದವರೆಗೆ ಕಾಯದೆ ಮಾಡಿಸಿಡಿ. ಆದರೂ ನೆನಪಿಡಿ: ಸೀಟು ಮೀಸಲಾದರೆ ಸಾಲದು, ಅದರೊಡನೆ ಮಂಚವೂ ಸಿಗಬೇಕು.

ಪಾಲಕರಲ್ಲಿ ನನ್ನ ವಿನಂತಿ ಇದು. ಮಗನಿಗಾದರೆ ಧಾರವಾಡ, ಮಗಳಿಗಾದರೆ ಮನೆ ಎಂಬ ಎರಡು ತಕ್ಕಡಿ ಇಡಬೇಡಿ. ಮಗಳಿಗೆ ಭದ್ರವಾದ ಹಾಸ್ಟೆಲ್ಲು ಇಲ್ಲವೆಂಬುದು ಅವಳ ಓದು ಬಿಡಿಸಲು ಕಾರಣವಾಗಬಾರದು. ಹಾಸ್ಟೆಲ್ಲು ಕೇಳಲು ಕಾರಣವಾಗಬೇಕು. ಒಬ್ಬೊಬ್ಬರೇ ಶಿಫಾರಸಿನ ಚೀಟಿಗಾಗಿ ದೊಡ್ಡವರ ಬಾಗಿಲು ಕಾಯುವುದು ಸಾಕು. ಈ ವರ್ಷ ಕಿನ್ನಾಳದಿಂದ ಎಷ್ಟು ಮಕ್ಕಳು ಕಾಲೇಜಿಗೆ ಹೋಗುತ್ತಾರೆ, ಯಾರಿಗೆ ಸೂರು ಬೇಕು, ಎಷ್ಟು ಹೊತ್ತಿಗೆ ಬಸ್ಸು ಬೇಕು ಎಂದು ಪಟ್ಟಿ ಮಾಡಿ. ಓಣಿ ಜಾತಿಗಳ ಭೇದವಿಲ್ಲದೆ ಎಲ್ಲರೂ ಸಹಿ ಹಾಕಿ, ಒಟ್ಟಾಗಿ ಜಿಲ್ಲಾ ಕಚೇರಿಗೆ ನಡೆಯಿರಿ. ಹಾಗೆ ಕೇಳಿ ಪಡೆದಾಗಲೇ ಎಲ್ಲಿ ಓದಬೇಕೆಂಬುದನ್ನು ನಮ್ಮ ಮಕ್ಕಳು ನಿಜವಾಗಿ ಆರಿಸಿಕೊಂಡಂತಾಗುತ್ತದೆ. ಆ ಪಟ್ಟಿಯ ಮೊದಲ ಹೆಸರನ್ನು ಇಂದೇ ಬರೆಯಿರಿ.