ಹದಿನೆಂಟರ ಹುಡುಗ ಮತ್ತು ಎರಡನೇ ಒಪ್ಪಂದ



ಈ ದತ್ತಿ ಉಪನ್ಯಾಸ ಯಾರ ನೆನಪಿನಲ್ಲಿದೆಯೋ ಆ ಮೇಷ್ಟ್ರು ಸಂಜೆ ಅಂಕಣದಲ್ಲಿ ಹುಡುಗರ ಬೆವರಿಳಿಸಿ, ಮಾರನೇ ದಿನ ಅದೇ ಹುಡುಗರ ಹಾಜರಿ ಪುಸ್ತಕ ತರಿಸಿ ನೋಡುತ್ತಿದ್ದರೆಂದು ಅವರ ಶಿಷ್ಯರಿಂದ ಕೇಳಿದ್ದೇನೆ. ಅಂಥವರ ಹೆಸರಿನ ಉಪನ್ಯಾಸದಲ್ಲಿ, ಬಾಸ್ಕೆಟ್‌ಬಾಲ್ ಆಡುವ ಹುಡುಗರು ಕಾಲೇಜು ಬಿಟ್ಟು ನೇರವಾಗಿ ವೃತ್ತಿಪರ ಆಟಕ್ಕೆ ಇಳಿಯಬಹುದೇ ಎಂದು ಕೇಳಲು ಹೊರಟಿದ್ದೇನೆ. ಮೇಷ್ಟ್ರು ಇದ್ದಿದ್ದರೆ ಹುಬ್ಬೇರಿಸುತ್ತಿದ್ದರು. ಆದರೂ ಕೊನೆಯವರೆಗೆ ಕೂತು ಕೇಳುತ್ತಿದ್ದರು ಅನ್ನುವ ನಂಬಿಕೆ ನನ್ನದು.

ಪ್ರಶ್ನೆ ಹುಟ್ಟಿದ್ದು ಅಮೆರಿಕದಲ್ಲಿ. ಅದರ ಚರಿತ್ರೆ ಪುಸ್ತಕಗಳಲ್ಲಿ ಸಿಗುತ್ತದೆ, ಬೇಗ ಮುಗಿಸುತ್ತೇನೆ. ಹೈಸ್ಕೂಲ್ ಮುಗಿದು ನಾಲ್ಕು ವರ್ಷ ಕಳೆಯದೆ ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎಯಲ್ಲಿ ಆಡುವಂತಿಲ್ಲ ಎಂಬ ನಿಯಮ ಮೊದಲಿತ್ತು. ಸ್ಪೆನ್ಸರ್ ಹೇವುಡ್ ಅದನ್ನು ಕೋರ್ಟಿಗೆ ಎಳೆದರು. 1971ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ನಿಂತಿತು. 1974ರಲ್ಲಿ ಮೋಸೆಸ್ ಮಲೋನ್ ಹೈಸ್ಕೂಲಿನಿಂದಲೇ ಎದುರಾಳಿ ಲೀಗ್ ಎಬಿಎಗೆ ಹೋದರು. ಆಮೇಲೆ 1995ರಲ್ಲಿ ಕೆವಿನ್ ಗಾರ್ನೆಟ್, 1996ರಲ್ಲಿ ಕೋಬಿ ಬ್ರಯಾಂಟ್, 2003ರಲ್ಲಿ ಲೆಬ್ರಾನ್ ಜೇಮ್ಸ್. ತಂಡಗಳ ಮಾಲೀಕರು ಮತ್ತು ಆಟಗಾರರ ಸಂಘ ಮಾಡಿಕೊಂಡ 2005ರ ಒಪ್ಪಂದದಲ್ಲಿ ಬಾಗಿಲು ಮುಚ್ಚಿತು: ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಹೊಸಬರನ್ನು ಆರಿಸಿಕೊಳ್ಳುವ ಪ್ರಕ್ರಿಯೆ, ನಡೆಯುವ ವರ್ಷದೊಳಗೆ 19 ತುಂಬಬೇಕು, ಅಮೆರಿಕದ ಹುಡುಗನಾದರೆ ಹೈಸ್ಕೂಲ್ ಮುಗಿದು ಒಂದು ವರ್ಷ ಕಳೆದಿರಬೇಕು. ಆ ನಿಯಮ ಇಂದಿಗೂ ಇದೆ.

ಇನ್ನು ನನ್ನ ತಕರಾರಿಗೆ ಬರುತ್ತೇನೆ.

ಈ ನಿಯಮ ಹುಡುಗರ ಒಳ್ಳೆಯದಕ್ಕೆ ಬಂತು, ಅವರು ಪಕ್ವವಾಗಲಿ ಎಂದು ಬಂತು ಎನ್ನುವವರಿದ್ದಾರೆ. ಒಪ್ಪಂದದ ಲೆಕ್ಕ ಬೇರೆಯೇ ಹೇಳುತ್ತದೆ. 1995ರಿಂದ ಡ್ರಾಫ್ಟಿನ ಮೊದಲ ರೌಂಡಿನಲ್ಲಿ ಆಯ್ಕೆಯಾದವನ ಸಂಬಳ ಅವನ ಕ್ರಮಾಂಕಕ್ಕೆ ತಕ್ಕಂತೆ ಮೊದಲೇ ಗೊತ್ತುಪಡಿಸಿದ್ದು, ಚೌಕಾಸಿಗೆ ಹೆಚ್ಚು ಜಾಗವಿಲ್ಲ. ನಿಜವಾದ ದುಡ್ಡು ಇರುವುದು ಎರಡನೇ ಒಪ್ಪಂದದಲ್ಲಿ. ಗಾರ್ನೆಟ್ 1997ರಲ್ಲಿ ಆರು ವರ್ಷಕ್ಕೆ 12.6 ಕೋಟಿ ಡಾಲರಿನ ಒಪ್ಪಂದಕ್ಕೆ ಸಹಿ ಹಾಕಿದಾಗ ಅವರಿಗೆ 21 ವರ್ಷ. ನಾಲ್ಕು ವರ್ಷ ಕಾಲೇಜು ಮುಗಿಸಿ ಬಂದವನು ಎರಡನೇ ಒಪ್ಪಂದಕ್ಕೆ ಕೂರುವ ಹೊತ್ತಿಗೆ 25 ದಾಟಿರುತ್ತದೆ. ಮಂಡಿಯನ್ನು ನಂಬಿ ಬದುಕುವ ಆಟದಲ್ಲಿ ಈ ಅಂತರ ಸಣ್ಣದಲ್ಲ. ಹುಡುಗನನ್ನು ಒಂದು ವರ್ಷ ಹೊರಗಿಟ್ಟರೆ ಅವನ ದೊಡ್ಡ ಸಂಬಳವೂ ಒಂದು ವರ್ಷ ಮುಂದೆ ಹೋಯಿತು, ಅವನನ್ನು ಪರೀಕ್ಷಿಸುವ ಖರ್ಚು ಕಾಲೇಜಿನ ತಲೆಗೆ ಬಿತ್ತು. ಮಾಲೀಕರಿಗೆ ಇದು ಲಾಭ. ಆಟಗಾರರ ಸಂಘವೂ ಒಪ್ಪಿತು, ಏಕೆಂದರೆ ಹೊಸಬ ಒಬ್ಬ ಬಂದರೆ ಹಳಬ ಒಬ್ಬನ ಜಾಗ ಹೋಗುತ್ತದೆ. ಹದಿನೆಂಟರ ಹುಡುಗ ಮಾತುಕತೆಯ ಮೇಜಿನ ಯಾವ ಕಡೆಯೂ ಇರಲಿಲ್ಲ.

ಪಕ್ವತೆಯ ಮಾತಿಗೆ ಒಂದು ಸಂಜೆಯ ಉದಾಹರಣೆ ಸಾಕು. 2019ರ ಫೆಬ್ರುವರಿ 20, ಡ್ಯೂಕ್ ವಿಶ್ವವಿದ್ಯಾಲಯದ ಅಂಕಣ, ಎದುರಿಗೆ ನಾರ್ತ್ ಕೆರೊಲಿನಾ. ಪ್ರೇಕ್ಷಕರಲ್ಲಿ ಮಾಜಿ ಅಧ್ಯಕ್ಷ ಒಬಾಮ. ಆಟ ಶುರುವಾಗಿ ಒಂದು ನಿಮಿಷವೂ ಆಗಿಲ್ಲ, 18 ವರ್ಷದ ಜಿಯಾನ್ ವಿಲಿಯಮ್‌ಸನ್ ತಿರುಗಲೆಂದು ಎಡಗಾಲು ಊರುತ್ತಾನೆ. ಶೂ ಹರಿದು ಪಾದ ಹೊರಗೆ ಬರುತ್ತದೆ, ಬಲ ಮಂಡಿ ಹಿಡಿದುಕೊಂಡು ಕುಸಿಯುತ್ತಾನೆ. ಟಿಕೆಟ್ಟುಗಳು ಸಾವಿರಾರು ಡಾಲರಿಗೆ ಮರುಮಾರಾಟವಾಗಿದ್ದವು. ಮರುದಿನ ಶೂ ಕಂಪನಿಯ ಷೇರು ಇಳಿಯಿತು. ಹುಡುಗನಿಗೆ ನಿಯಮದ ಪ್ರಕಾರ ಸಿಗುತ್ತಿದ್ದುದು ವಿದ್ಯಾರ್ಥಿವೇತನ ಮಾತ್ರ. ಮಂಡಿ ಬರೀ ಉಳುಕಿತ್ತು, ಅದು ಅವನ ಅದೃಷ್ಟ. ಇದರಲ್ಲಿ ಯಾರನ್ನು ಯಾರು ಕಾಪಾಡಿದಂತಾಯಿತು?

ಹಾಗೆಂದು ಎದುರು ಬಣದ ವಾದವನ್ನೂ ಪೂರ್ತಿ ಒಪ್ಪಲಾರೆ. ಕಾನೂನು ವಿದ್ವಾಂಸ ಮೈಕೆಲ್ ಮೆಕ್ಯಾನ್ 2004ರಲ್ಲಿ, ಹೈಸ್ಕೂಲಿನಿಂದ ನೇರ ಬಂದವರು ಸರಾಸರಿಯಲ್ಲಿ ಉಳಿದವರಿಗಿಂತ ಚೆನ್ನಾಗಿಯೇ ಆಡಿದ್ದಾರೆ ಎಂದು ತೋರಿಸಿದರು. ವಯಸ್ಸಿನ ನಿರ್ಬಂಧದ ವಿರುದ್ಧ ಅದು ಗಟ್ಟಿ ವಾದ. ಆದರೆ ಅದನ್ನೇ ಹಿಡಿದುಕೊಂಡು ಹುಡುಗರಿಗೆ ಬುದ್ಧಿ ಹೇಳುವವರು ಅವಸರ ಮಾಡುತ್ತಿದ್ದಾರೆ. ತಂಡಗಳು ಊರೂರು ಜಾಲಾಡಿ ಆರಿಸಿದ ಕೆಲವೇ ಹುಡುಗರ ಸರಾಸರಿ ಅದು. ಗಾರ್ನೆಟ್ ಮತ್ತು ಲೆಬ್ರಾನ್ ಸೇರಿದ ಸರಾಸರಿ, ನಲವತ್ತನೆಯವನಾಗಿ ಆಯ್ಕೆಯಾಗುವವನಿಗೆ ಏನು ದಾರಿ ತೋರಿಸೀತು?

ಆ ನಲವತ್ತನೆಯವನ ಜಾಡು ಹಿಡಿದು ಹೋದಾಗಲೇ ನನಗೆ ಹೇಳಲು ಏನಾದರೂ ಸಿಕ್ಕಿದ್ದು. 1998ರಲ್ಲಿ ಡೆಟ್ರಾಯಿಟ್ ತಂಡ ಎರಡನೇ ರೌಂಡಿನಲ್ಲಿ, 40ನೇ ಆಯ್ಕೆಯಾಗಿ, ಕಾನ್ಸಾಸ್‌ನ ವಿಚಿಟಾದ ಕೊರ್ಲಿಯೋನ್ ಯಂಗ್ ಎಂಬ ಹುಡುಗನನ್ನು ತೆಗೆದುಕೊಂಡಿತು. ಮೊದಲ ವರ್ಷ ಆಡಿದ್ದು ಮೂರು ಪಂದ್ಯ. ತಂಡ ಕೈಬಿಟ್ಟಿತು, ಎನ್‌ಬಿಎಯಲ್ಲಿ ಮತ್ತೆಂದೂ ಆಡಲಿಲ್ಲ. 'ಕಾಲೇಜು ಬಿಟ್ಟರೆ ಹೀಗಾಗುತ್ತದೆ' ಎನ್ನುವವರ ಬಾಯಲ್ಲಿ ಅವನ ಹೆಸರು ಇಂದಿಗೂ ಇದೆ. ಏಳು ವರ್ಷದ ನಂತರ ಅದೇ ಡೆಟ್ರಾಯಿಟ್, ಅದೇ ಎರಡನೇ ರೌಂಡು, ಇನ್ನೂ ಕೆಳಗೆ 56ನೇ ಆಯ್ಕೆ: ಲಾಸ್ ಏಂಜಲೀಸ್‌ನ ಅಮೀರ್ ಜಾನ್ಸನ್, ಅವನೂ ನೇರ ಹೈಸ್ಕೂಲಿನಿಂದ. ಮೊದಲ ವರ್ಷ ಅವನಿಗೂ ಸಿಕ್ಕಿದ್ದು ಮೂರೇ ಪಂದ್ಯ. ಆದರೆ ಅವನು 14 ಸೀಸನ್ ಆಡಿದ.

ವ್ಯತ್ಯಾಸ ಎಲ್ಲಿ? ಯಂಗ್ ಬಂದಾಗ ಎನ್‌ಬಿಎಗೆ ಕಿರಿಯರ ಲೀಗ್ ಇರಲಿಲ್ಲ. ಅದು ಶುರುವಾದದ್ದು 2001ರಲ್ಲಿ. 2005ರ ಒಪ್ಪಂದವು ಮೊದಲೆರಡು ವರ್ಷದ ಆಟಗಾರರನ್ನು ತಂಡದ ಸಂಬಳದಲ್ಲಿಟ್ಟುಕೊಂಡೇ ಆ ಲೀಗಿಗೆ ಕಳಿಸಲು ಅವಕಾಶ ಕೊಟ್ಟಿತು. ಜಾನ್ಸನ್ ಮೊದಲು ಫಯೆಟ್‌ವಿಲ್‌ಗೆ, ಆಮೇಲೆ ಸೂ ಫಾಲ್ಸ್‌ಗೆ ಹೋಗಿ ಆಡಿದ. 2007ರಲ್ಲಿ ಡೆಟ್ರಾಯಿಟ್ ಹೊಸ ಒಪ್ಪಂದ ಕೊಟ್ಟಿತು. ಹೈಸ್ಕೂಲಿನ ಹುಡುಗರಿಗೆ ಬಾಗಿಲು ಮುಚ್ಚಿದ ಕಾಗದದಲ್ಲೇ ಅವರು ಬೆಳೆಯಲು ಬೇಕಾದ ವ್ಯವಸ್ಥೆಯೂ ಇತ್ತು! ಅದರ ಪ್ರಯೋಜನ ಹೈಸ್ಕೂಲಿನಿಂದ ಬಂದ ಕೊನೆಯ ಗುಂಪಿನವರಿಗಷ್ಟೇ ದಕ್ಕಿತು.

ಇಬ್ಬರು ಹುಡುಗರಿಂದ ಸಿದ್ಧಾಂತ ಕಟ್ಟುತ್ತೀಯಾ ಎಂದು ಸಹೋದ್ಯೋಗಿಗಳು ಛೇಡಿಸುತ್ತಾರೆ. ಮೂರನೆಯವರನ್ನು ಕೊಡುತ್ತೇನೆ. ಜರ್ಮೇನ್ ಓನೀಲ್ 1996ರಲ್ಲಿ ಹೈಸ್ಕೂಲಿನಿಂದ ಪೋರ್ಟ್‌ಲ್ಯಾಂಡ್‌ಗೆ ಬಂದು ನಾಲ್ಕು ವರ್ಷ ಬಹುಪಾಲು ಬೆಂಚು ಕಾದರು. 17ನೇ ಆಯ್ಕೆ, ಅಂದರೆ ಮೊದಲ ರೌಂಡು. ಖಾತರಿ ಒಪ್ಪಂದ ಅವರನ್ನು ಹಿಡಿದಿಟ್ಟಿತು. ಇಂಡಿಯಾನಾಗೆ ಹೋದ ಮೇಲೆ ಆರು ಸಲ ಆಲ್‌ಸ್ಟಾರ್ ಆದರು. ಕಾಲೇಜಿಗೆ ಹೋಗಿದ್ದನೇ ಎಂಬುದಕ್ಕಿಂತ, ಆಡಲು ಬಾರದ ಎರಡನೇ ಮೂರನೇ ವರ್ಷದಲ್ಲಿ ಅವನನ್ನು ಯಾರು ಇಟ್ಟುಕೊಂಡಿದ್ದರು ಎಂಬುದೇ ಹೆಚ್ಚು ಹೇಳುತ್ತದೆ ಎಂಬುದು ನನ್ನ ವಾದ.

ಈಚೆಗೆ ಪ್ರಶ್ನೆಯೇ ಮಗುಚಿದೆ. 2021ರ ಜುಲೈನಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಮುಖಗಳ ಜಾಹೀರಾತಿನಿಂದ ಗಳಿಸಬಹುದು. ಆಟಗಾರರು ಹೂಡಿದ್ದ ಮೊಕದ್ದಮೆಯ 2025ರ ರಾಜಿಯ ನಂತರ ವಿಶ್ವವಿದ್ಯಾಲಯಗಳೇ ನೇರವಾಗಿ ಹಣ ಕೊಡಬಹುದು. ಹೈಸ್ಕೂಲ್ ಮುಗಿಸಿದ ಹುಡುಗರಿಗೆ ಸಂಬಳ ಕೊಟ್ಟು ಆಡಿಸಲೆಂದೇ ಎನ್‌ಬಿಎ 2020ರಲ್ಲಿ ಕಟ್ಟಿದ ಇಗ್ನೈಟ್ ತಂಡ 2024ರಲ್ಲಿ ಮುಚ್ಚಿಹೋಯಿತು. ಅವಧಿಗೆ ಮುಂಚೆ ಡ್ರಾಫ್ಟಿಗೆ ಹೆಸರು ಕೊಟ್ಟವರು 2021ರಲ್ಲಿ 353, 2025ರಲ್ಲಿ 106. ದುಡ್ಡು ಕಾಲೇಜಿನಲ್ಲೇ ಸಿಕ್ಕರೆ ಹುಡುಗರು ಅಲ್ಲೇ ಉಳಿಯುತ್ತಾರೆ. ಪಕ್ವತೆಯ ಉಪದೇಶ ಮಾಡದ ಕೆಲಸವನ್ನು ಸಂಬಳ ಮಾಡಿತು.

ನಮ್ಮ ದೇಶದವರಿಗೂ ಇದರಲ್ಲಿ ಪಾಲಿದೆ. ಪಂಜಾಬಿನ ಬಲ್ಲೋಕೆ ಹಳ್ಳಿಯ ಸತ್ನಾಮ್ ಸಿಂಗ್, ಏಳಡಿ ಮೀರಿದ ಆಳು, ಫ್ಲೋರಿಡಾದ ಅಕಾಡೆಮಿಯಿಂದ ಕಾಲೇಜು ಮೆಟ್ಟದೆ 2015ರಲ್ಲಿ ಡಾಲಸ್ ತಂಡಕ್ಕೆ 52ನೆಯವರಾಗಿ ಆಯ್ಕೆಯಾದರು. ಡ್ರಾಫ್ಟಿನಲ್ಲಿ ಆಯ್ಕೆಯಾದ ಮೊದಲ ಭಾರತೀಯ. ನಾವೆಲ್ಲ ಸಿಹಿ ಹಂಚಿದೆವು. ಎರಡನೇ ರೌಂಡಿನವನಿಗೆ ಖಾತರಿ ಇರುವುದಿಲ್ಲ ಎಂಬುದನ್ನು ಆಗ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಕಿರಿಯರ ಲೀಗಿನಲ್ಲಿ ಆಡಿದರು, ಎನ್‌ಬಿಎ ಪಂದ್ಯ ಒಂದೂ ಸಿಗಲಿಲ್ಲ. ಈಗ ವೃತ್ತಿಪರ ಕುಸ್ತಿಯಲ್ಲಿದ್ದಾರೆ.

ಮೇಷ್ಟ್ರ ಹಾಜರಿ ಪುಸ್ತಕಕ್ಕೆ ನಾನು ವಿರೋಧಿಯಲ್ಲ. ಬೆಂಗಳೂರು, ಮೈಸೂರು, ಮಂಡ್ಯದ ಅಂಕಣಗಳಲ್ಲಿ ಎತ್ತರಕ್ಕೆ ಬೆಳೆಯುತ್ತಿರುವ ಮಕ್ಕಳ ತಂದೆತಾಯಿಯರಲ್ಲಿ ಒಂದೇ ವಿನಂತಿ. ಮಗನನ್ನೋ ಮಗಳನ್ನೋ ಕಳಿಸಿಕೊಡಿ ಎಂದು ಯಾರಾದರೂ ಬಂದರೆ ಮೊದಲ ವರ್ಷದ ಮೊತ್ತ ನೋಡಿ ಮರುಳಾಗಬೇಡಿ. ಎರಡನೇ ವರ್ಷದ ಸಂಬಳಕ್ಕೆ ಖಾತರಿ ಇದೆಯೇ, ಮುಖ್ಯ ತಂಡದಲ್ಲಿ ಆಡಿಸದಿದ್ದರೆ ಎಲ್ಲಿ ಆಡಿಸುತ್ತೀರಿ, ಮಂಡಿ ಹೋದರೆ ಆಪರೇಷನ್ ಖರ್ಚು ಯಾರದು ಎಂದು ಕೇಳಿ. ಮೂರಕ್ಕೂ ಕಾಗದದ ಮೇಲೆ ಉತ್ತರ ಕೊಟ್ಟರೆ ಕಳಿಸಿ. ಕೊಡದಿದ್ದರೆ ಕಾಲೇಜಿನ ಅರ್ಜಿ ತುಂಬಿಸಿ.