ಯಮುನೆಯ ಹೂಳು ಮತ್ತು ದೋಣಿವಿಹಾರ



ದೆಹಲಿಯ ಬಹುಪಾಲು ನಿವಾಸಿಗಳಿಗೆ ಯಮುನೆಯು ಸೇತುವೆಯ ಮೇಲಿನಿಂದ ಕಂಡು ಮರೆಯಾಗುವ ನದಿ. ಆ ನೀರಿನ ಮೇಲೆ ಜನರು ಸಂಚರಿಸುವಂತಾಗಬೇಕೆಂಬ ಉದ್ದೇಶದಿಂದ 2025ರ ಮಾರ್ಚ್ ತಿಂಗಳಲ್ಲಿ ಭಾರತೀಯ ಒಳನಾಡು ಜಲಮಾರ್ಗ ಪ್ರಾಧಿಕಾರವೂ ದೆಹಲಿಯ ಸಂಬಂಧಪಟ್ಟ ಸಂಸ್ಥೆಗಳೂ ಒಪ್ಪಂದವೊಂದಕ್ಕೆ ಸಹಿ ಹಾಕಿದವು. ಸೋನಿಯಾ ವಿಹಾರದಿಂದ ಜಗತ್‌ಪುರದವರೆಗಿನ ಸುಮಾರು 4 ಕಿಲೋಮೀಟರು ಉದ್ದದ ನದೀಭಾಗವನ್ನು ಇದಕ್ಕಾಗಿ ಆರಿಸಲಾಯಿತು. 2016ರ ಕಾಯಿದೆಯಂತೆ 110ನೆಯ ರಾಷ್ಟ್ರೀಯ ಜಲಮಾರ್ಗವು ಆರಂಭವಾಗುವುದೂ ಜಗತ್‌ಪುರದಿಂದಲೇ.

ಈ ಆಯ್ಕೆಗೆ ಬಲವಾದ ಕಾರಣವಿದೆ. ನಗರದ ಕೊಳಚೆಯನ್ನು ಹೊತ್ತು ತರುವ ನಜಫ್‌ಗಢ ನಾಲೆಯು ನದಿಯನ್ನು ಸೇರುವುದು ವಜೀರಾಬಾದ್ ಬ್ಯಾರೇಜಿನ ಕೆಳಗೆ. ಬ್ಯಾರೇಜಿನ ಮೇಲ್ಭಾಗದ ನೀರು ಅದಕ್ಕಿಂತ ಎಷ್ಟೋ ನಿರ್ಮಲವಾದುದು. ಆದರೆ ಅಲ್ಲಿ ಬೇರೊಂದು ತೊಡಕು ಇದೆ, ಅದೇ ಹೂಳು. ಹಿಮಾಲಯದಿಂದ ಇಳಿದು ಬರುವ ಯಮುನೆ ಮಳೆಗಾಲದಲ್ಲಿ ಅಪಾರ ಮರಳನ್ನೂ ಮಣ್ಣನ್ನೂ ತರುತ್ತದೆ. 1959ರಲ್ಲಿ ನಿರ್ಮಾಣವಾದ ಬ್ಯಾರೇಜಿನ ಹಿಂದೆ ಪ್ರವಾಹದ ವೇಗ ತಗ್ಗಿದೊಡನೆ ಈ ಭಾರವು ತಳಕ್ಕಿಳಿಯುತ್ತದೆ. ತುಂಗಭದ್ರಾ ಜಲಾಶಯದ ಅನುಭವವುಳ್ಳ ಕನ್ನಡಿಗರಿಗೆ ಇದು ಹೊಸ ಸಂಗತಿಯಲ್ಲ. 133 ಟಿ.ಎಂ.ಸಿ. ಸಾಮರ್ಥ್ಯದೊಂದಿಗೆ ಆರಂಭವಾದ ಆ ಜಲಾಶಯದಲ್ಲಿ ಹೂಳಿನ ದೆಸೆಯಿಂದ ಇಂದು ಸುಮಾರು 105 ಟಿ.ಎಂ.ಸಿ.ಯಷ್ಟು ಮಾತ್ರ ಉಳಿದಿದೆ.

ವಜೀರಾಬಾದಿನ ಹೂಳು ದೋಣಿಗೆ ಮಾತ್ರ ಅಡ್ಡಿಯಲ್ಲ. ಅಲ್ಲಿ ನಿಲ್ಲುವ ನೀರೇ ರಾಜಧಾನಿಯ ಲಕ್ಷಾಂತರ ಮಂದಿಗೆ ಕುಡಿಯುವ ನೀರು. ತಳ ಮೇಲೇರಿದಷ್ಟೂ ಸಂಗ್ರಹ ಕುಗ್ಗುತ್ತದೆ. 2023ರ ಜುಲೈ ತಿಂಗಳಿನಲ್ಲಿ ಯಮುನೆಯ ಮಟ್ಟವು 208.66 ಮೀಟರಿಗೆ ಏರಿ, 1978ರ 207.49 ಮೀಟರಿನ ದಾಖಲೆಯನ್ನು ಮೀರಿತು. ಆಗ ಇನ್ನೂ ಕೆಳಗಿರುವ ಐ.ಟಿ.ಓ. ಬ್ಯಾರೇಜಿನ ಕೆಲವು ಬಾಗಿಲುಗಳು ಹೂಳಿನಲ್ಲಿ ಸಿಲುಕಿ ತೆರೆಯದೆ ಹೋದವು. ಆದುದರಿಂದ ಹೂಳೆತ್ತುವ ಕಾರ್ಯವನ್ನು ಕೇವಲ ವಿಹಾರದ ವೆಚ್ಚವೆಂದು ಎಣಿಸಲಾಗದು.

ಹಾಗೆಂದು ನದಿಯ ತಳವನ್ನು ಮನಬಂದಂತೆ ತೋಡುವುದೂ ಸಲ್ಲದು. ತಳದ ಮಣ್ಣು ಕದಡಿದರೆ ನೀರು ಬಗ್ಗಡವಾಗುತ್ತದೆ. ಅದರಲ್ಲಿ ಹುದುಗಿದ್ದ ಮಾಲಿನ್ಯವೂ ಮೇಲೇಳಬಹುದು. ಅತಿಯಾಗಿ ತೋಡಿದರೆ ದಡ ಕುಸಿಯುತ್ತದೆ, ಮೀನುಗಳು ಮೊಟ್ಟೆಯಿಡುವ ನೆಲೆ ನಾಶವಾಗುತ್ತದೆ. ಹೂಳೆತ್ತುವ ಹೆಸರಿನಲ್ಲಿ ಮರಳಿನ ವ್ಯಾಪಾರಕ್ಕೆ ಅವಕಾಶವಾಗಕೂಡದು.

ಆದ್ದರಿಂದ ಮೊದಲು ಆಗಬೇಕಾದುದು ಅಳತೆ. ಮಳೆಗಾಲ ಕಳೆದ ಬಳಿಕ ಪ್ರತಿವರ್ಷ ತಳದ ಆಳವನ್ನು ಅಳೆದು ನಕ್ಷೆ ಸಿದ್ಧಪಡಿಸಿದರೆ, ಎಲ್ಲಿ ಎಷ್ಟು ತೆಗೆಯಬೇಕೆಂಬುದು ಸ್ಪಷ್ಟವಾಗುತ್ತದೆ. ಎರಡನೆಯದಾಗಿ, ದೋಣಿಗೆ ತಕ್ಕಂತೆ ನದಿಯನ್ನು ಬದಲಿಸುವುದಕ್ಕಿಂತ ನದಿಗೆ ತಕ್ಕ ದೋಣಿಯನ್ನು ಆರಿಸುವುದು ಲೇಸು. ನಮ್ಮ ಜಲಮಾರ್ಗಗಳ ವರ್ಗೀಕರಣದಲ್ಲಿ ಮೊದಲನೆಯ ವರ್ಗಕ್ಕೆ 1.2 ಮೀಟರು ಆಳ ಸಾಕು. ತಳ ಚಪ್ಪಟೆಯಾದ, ವಿದ್ಯುತ್ತಿನಿಂದ ನಡೆಯುವ ಹಗುರ ದೋಣಿಗಳಿಗೆ ಇನ್ನೂ ಕಡಿಮೆ ಆಳವೂ ಸಾಕಾದೀತು. ಆಗ ಒಂದು ಕಿರಿದಾದ ಪಥವನ್ನು ಮಾತ್ರ ತೆರವುಗೊಳಿಸಿ, ಉಳಿದ ತಳವನ್ನು ಮುಟ್ಟದೆ ಬಿಡಬಹುದು. ಗಂಗಾನದಿಯಲ್ಲಿ ಬಿದಿರಿನ ತಟ್ಟಿಗಳನ್ನು ಓರೆಯಾಗಿ ನಿಲ್ಲಿಸಿ, ಪ್ರವಾಹವನ್ನು ಒಂದೆಡೆಗೆ ತಿರುಗಿಸಿ, ನೀರೇ ತನ್ನ ದಾರಿಯನ್ನು ಆಳಗೊಳಿಸುವಂತೆ ಮಾಡುವ ಪದ್ಧತಿ ರೂಢಿಯಲ್ಲಿದೆ. ಹರಿವು ಇರುವೆಡೆ ಇಂಥ ಅಲ್ಪವೆಚ್ಚದ ಉಪಾಯವನ್ನೂ ಪರಿಶೀಲಿಸಬಹುದು.

ಮೂರನೆಯದು, ತೆಗೆದ ಹೂಳಿನ ವಿಲೇವಾರಿ. ಅದನ್ನು ದಡದಲ್ಲೇ ರಾಶಿ ಹಾಕಿದರೆ ಮುಂದಿನ ಮಳೆಗೆ ಮರಳಿ ನದಿಯನ್ನು ಸೇರುತ್ತದೆ. ನೆರೆಬಯಲಿನಲ್ಲಿ ಸುರಿದರೆ ಪ್ರವಾಹಕ್ಕೆ ಬೇಕಾದ ಜಾಗ ಕಿರಿದಾಗುತ್ತದೆ. ಪರೀಕ್ಷಿಸಿದ ಬಳಿಕವೇ ಅದನ್ನು ಎಲ್ಲಿಗೆ ಸಾಗಿಸಬೇಕೆಂದು ನಿರ್ಧರಿಸಬೇಕು. ಮೀನುಗಳು ಮರಿಮಾಡುವ ಮಳೆಗಾಲವನ್ನೂ ವಲಸೆ ಹಕ್ಕಿಗಳು ಬಂದಿಳಿಯುವ ಚಳಿಗಾಲವನ್ನೂ ಬಿಟ್ಟು ಈ ಕೆಲಸ ನಡೆಯಬೇಕು.

ಮಹನೀಯರೇ, ಹೂಳೆತ್ತುವುದು ಒಮ್ಮೆ ಮಾಡಿ ಮುಗಿಸುವ ಕೆಲಸವಲ್ಲ. ನದಿ ಪ್ರತಿವರ್ಷವೂ ಹೊಸ ಹೂಳನ್ನು ತರುತ್ತದೆ. ದೋಣಿಗಳ ಖರೀದಿಗೆ ಹಣ ಒದಗಿಸುವಾಗಲೇ ವಾರ್ಷಿಕ ನಿರ್ವಹಣೆಗೂ ಹಣವನ್ನು ಮೀಸಲಿಡದಿದ್ದರೆ, ಕೆಲವೇ ವರ್ಷಗಳಲ್ಲಿ ದೋಣಿಗಳು ಕೆಸರಿನಲ್ಲಿ ನಿಲ್ಲುತ್ತವೆ. ಕುಡಿಯುವ ನೀರಿಗೆ ಪ್ರಥಮ ಸ್ಥಾನ, ನದಿಯ ಜೀವಸಂಕುಲಕ್ಕೆ ರಕ್ಷಣೆ, ಅನಂತರ ವಿಹಾರ ಎಂಬ ಕ್ರಮವನ್ನು ಪಾಲಿಸಿದಲ್ಲಿ ಈ ಮೂರೂ ಒಂದೇ ನೀರಿನಲ್ಲಿ ಉಳಿಯಬಲ್ಲವು.