ಅಂಗಳದ ಆರೋಗ್ಯ, ಸಾಕುಪ್ರಾಣಿಯ ಆರೋಗ್ಯ
(ಉಪನ್ಯಾಸದ ಪಠ್ಯ)



ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯಲ್ಲಿ ಕಡಗಂಚಿ ಎಂಬ ಗ್ರಾಮವಿದೆ. 2009ರಲ್ಲಿ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣವಿರುವುದು ಇಲ್ಲಿಯೇ. ಸುತ್ತಲೂ ತೊಗರಿ, ಜೋಳ ಬೆಳೆಯುವ ಎರೆಭೂಮಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲು. ಇಂತಹ ಸೀಮೆಯಲ್ಲಿ ನಾಯಿ ಹೊಲ-ಹಟ್ಟಿಗಳ ಕಾವಲುಗಾರ, ಬೆಕ್ಕು ಕಾಳಿನ ಚೀಲಗಳ ರಕ್ಷಕ. ಮಲೆನಾಡಿನ ಕೇಳುಗರಿಗೆ ಬಯಲಿನ ಈ ಊರು ದೂರದ್ದೆನಿಸಬಹುದು. ಆದರೆ ಸಾಕುಪ್ರಾಣಿಗೂ ಅದರ ಪರಿಸರಕ್ಕೂ ಇರುವ ನಂಟು ಎರಡೂ ಕಡೆ ಒಂದೇ.

ಸಾಕುಪ್ರಾಣಿ ಕಾಯಿಲೆ ಬಿದ್ದಾಗ ಒಂದು ಸೂಜಿಮದ್ದು ಕೊಡಿಸಿದರೆ ಕೆಲಸ ಮುಗಿಯಿತೆಂಬ ಭಾವನೆ ಸಾಮಾನ್ಯ. ಸಮಗ್ರ ದೃಷ್ಟಿಯುಳ್ಳ ಪಶುವೈದ್ಯ ಅಷ್ಟಕ್ಕೆ ನಿಲ್ಲುವುದಿಲ್ಲ. ಪ್ರಾಣಿ ಏನು ತಿನ್ನುತ್ತದೆ, ಎಲ್ಲಿ ಮಲಗುತ್ತದೆ, ಯಾವ ನೀರು ಕುಡಿಯುತ್ತದೆ, ಎಷ್ಟು ಹೊತ್ತು ಕಟ್ಟಿಹಾಕಲ್ಪಡುತ್ತದೆ ಎಂದು ಮೊದಲು ಕೇಳುತ್ತಾನೆ. ಏಕೆಂದರೆ ರೋಗದ ಅರ್ಧಭಾಗ ಪ್ರಾಣಿಯ ಮೈಯಲ್ಲಿದ್ದರೆ ಉಳಿದರ್ಧ ಅಂಗಳದಲ್ಲಿರುತ್ತದೆ.

ಉಣ್ಣಿಯನ್ನೇ ನೋಡಬಹುದು. ಮಲೆನಾಡಿಗರು ಇದನ್ನು ಉಣುಗು ಎನ್ನುತ್ತಾರೆ. ನಾಯಿಯ ಮೈಮೇಲಿನ ಕಂದು ಉಣ್ಣಿ ತನ್ನ ಆಯುಸ್ಸಿನ ಬಹುಪಾಲನ್ನು ಕಳೆಯುವುದು ನಾಯಿಯ ಮೇಲಲ್ಲ. ಗೋಡೆಯ ಬಿರುಕುಗಳಲ್ಲಿ, ಹಾಸುಗಲ್ಲಿನ ಸಂದುಗಳಲ್ಲಿ. ಹೆಣ್ಣು ಉಣ್ಣಿ ಅಲ್ಲಿಯೇ ಸಾವಿರಾರು ಮೊಟ್ಟೆಗಳನ್ನಿಡುತ್ತದೆ. ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕಿರಬಲ್ಲುದು. ಇದರ ಕಡಿತದಿಂದ ಬರುವ ಎರ್ಲಿಕಿಯಾ ರೋಗದಲ್ಲಿ ನಾಯಿಗೆ ಜ್ವರ ಬರುತ್ತದೆ, ಮೇವು ಸೇರುವುದಿಲ್ಲ, ಕೆಲವೊಮ್ಮೆ ಮೂಗಿನಿಂದ ರಕ್ತ ಸುರಿಯುತ್ತದೆ. ನಾಯಿಗೆ ಮಾತ್ರ ಔಷಧ ಹಚ್ಚಿ ಗೋಡೆಯನ್ನು ಮರೆತರೆ ಉಣ್ಣಿ ಮರಳಿ ಬರುತ್ತದೆ. ಸಂದುಗಳನ್ನು ಮುಚ್ಚಿ, ನಾಯಿ ಮಲಗುವ ಗೋಣಿಯನ್ನು ಆಗಾಗ ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಹಾಕುವುದೂ ಚಿಕಿತ್ಸೆಯೇ. ಮಲೆನಾಡಿನಲ್ಲಿ ಈ ಎಚ್ಚರ ಇನ್ನೂ ಅಗತ್ಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ ಮನುಷ್ಯನಿಗೆ ತಗಲುವುದು ಕಾಡಿನ ಉಣುಗಿನಿಂದ. ಕಾಡಿಗೆ ಹೋಗಿಬಂದ ನಾಯಿ, ದನಗಳ ಮೈಯನ್ನು ಪರಿಶೀಲಿಸುವುದು ಮನೆಮಂದಿಯ ರಕ್ಷಣೆಯೂ ಹೌದು.

ಎರಡನೆಯದು ಆಹಾರ. ಉಳಿದ ರೊಟ್ಟಿ, ಅನ್ನ ನಾಯಿಗೆ ಹಾಕುವುದು ತಪ್ಪಲ್ಲ. ಅದರೊಡನೆ ಈರುಳ್ಳಿ, ಬೆಳ್ಳುಳ್ಳಿ ಹೋಗಬಾರದು. ಅವು ನಾಯಿ-ಬೆಕ್ಕುಗಳ ಕೆಂಪು ರಕ್ತಕಣಗಳನ್ನು ನಾಶಪಡಿಸುತ್ತವೆ. ಚಾಕೊಲೇಟ್, ದ್ರಾಕ್ಷಿಗಳೂ ನಾಯಿಗೆ ವಿಷ. ಬೆಕ್ಕು ಮೂಲತಃ ಮಾಂಸಾಹಾರಿ; ಹಾಲು-ಅನ್ನ ಮಾತ್ರ ಉಂಡ ಬೆಕ್ಕಿಗೆ ಟಾರಿನ್ ಎಂಬ ಪೋಷಕಾಂಶ ಸಿಗದೆ ಕಣ್ಣು, ಹೃದಯಗಳು ಕೆಡುತ್ತವೆ. ಜ್ವರಕ್ಕೆಂದು ಮನುಷ್ಯರ ಪ್ಯಾರಾಸಿಟಮಾಲ್ ಮಾತ್ರೆ ಕೊಟ್ಟರೆ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಹುದು.

ಕುರಿ ಸಾಕುವ ಊರುಗಳಲ್ಲಿ ಇನ್ನೊಂದು ಎಚ್ಚರ ಬೇಕು. ಕೊಯ್ದ ಕುರಿಯ ಯಕೃತ್ತು, ಶ್ವಾಸಕೋಶಗಳಲ್ಲಿ ಕಾಣುವ ನೀರುಗುಳ್ಳೆಗಳನ್ನು ಹಸಿಯಾಗಿ ನಾಯಿಗೆ ಎಸೆದರೆ ಅದರ ಕರುಳಿನಲ್ಲಿ ಸಣ್ಣ ಲಾಡಿಹುಳುಗಳು ಬೆಳೆಯುತ್ತವೆ. ಅವುಗಳ ಮೊಟ್ಟೆ ನಾಯಿಯ ಮಲದೊಡನೆ ಹೊರಬಿದ್ದು, ಕೈ, ಸೊಪ್ಪು, ನೀರಿನ ಮೂಲಕ ಮಕ್ಕಳ ಹೊಟ್ಟೆ ಸೇರಿ, ಅವರಲ್ಲಿಯೂ ಅದೇ ಗುಳ್ಳೆಗಳಾಗುತ್ತವೆ. ಇಂತಹ ಅಂಗಗಳನ್ನು ಆಳವಾಗಿ ಹೂಳಬೇಕು; ನಾಯಿಗೆ ಕಾಲಕಾಲಕ್ಕೆ ಜಂತುನಾಶಕ ಕೊಡಿಸಬೇಕು.

ಮೂರನೆಯದು ಜೀವನಕ್ರಮ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ 2005ರಲ್ಲಿ ಭಾರತದ ಅಂಚೆಚೀಟಿಯ ಮೇಲೆ ಬಂದ ತಳಿ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯ ಇದಕ್ಕಾಗಿಯೇ ಮುಧೋಳ ತಾಲ್ಲೂಕಿನ ತಿಮ್ಮಾಪುರದಲ್ಲಿ ಸಂಶೋಧನಾ ಕೇಂದ್ರವನ್ನು ನಡೆಸುತ್ತಿದೆ. ಓಟಕ್ಕಾಗಿಯೇ ರೂಪುಗೊಂಡ ಈ ತೆಳುಮೈಯ ಪ್ರಾಣಿಯನ್ನು ದಿನವಿಡೀ ಸರಪಳಿಯಲ್ಲಿಟ್ಟು ಕೊಬ್ಬಿಸುವುದು ಪ್ರೀತಿಯಲ್ಲ. ನಾಯಿಗೆ ಮನುಷ್ಯನಂತೆ ಮೈಯೆಲ್ಲ ಬೆವರುವುದಿಲ್ಲ. ತೇಗುಸಿರಿನಿಂದಲೇ ಅದು ಮೈ ತಣಿಸಿಕೊಳ್ಳಬೇಕು. ತಗಡಿನ ಚಾವಣಿಯ ಕೆಳಗೆ ಕಟ್ಟಿದ ನಾಯಿ ಬಿಸಿಲಾಘಾತಕ್ಕೆ ಬಲಿಯಾಗಬಹುದು. ಬೇವಿನ ನೆರಳು, ಮಣ್ಣಿನ ಪಾತ್ರೆಯಲ್ಲಿ ತಣ್ಣೀರು: ಇವಕ್ಕೆ ಖರ್ಚಿಲ್ಲ.

ಇಲ್ಲಿ ಒಂದು ತಪ್ಪುಗ್ರಹಿಕೆಯನ್ನು ನಿವಾರಿಸಬೇಕಾಗಿದೆ. ಸಮಗ್ರ ಆರೈಕೆ ಎಂದರೆ ಲಸಿಕೆಯನ್ನು ಬಿಟ್ಟು ಸೊಪ್ಪು-ಬೇರುಗಳನ್ನು ನಂಬುವುದಲ್ಲ. ರೇಬೀಸ್ ರೋಗದ ಲಕ್ಷಣಗಳು ಒಮ್ಮೆ ಕಾಣಿಸಿಕೊಂಡರೆ ಸಾವು ಹೆಚ್ಚುಕಡಿಮೆ ಖಚಿತ. 1885ರಲ್ಲಿ ಲೂಯಿ ಪಾಶ್ಚರ್ ತೋರಿದ ಲಸಿಕೆಯ ದಾರಿಯೇ ಇಂದಿಗೂ ರಕ್ಷೆ. ಕಚ್ಚಿದ ಗಾಯಕ್ಕೆ ಮೆಣಸಿನಪುಡಿ, ಸುಣ್ಣ ಹಚ್ಚುವುದರಿಂದ ಅಪಾಯ ಹೆಚ್ಚುತ್ತದೆ. ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ವೈದ್ಯರು ಹೇಳಿದ ಎಲ್ಲ ಸೂಜಿಗಳನ್ನೂ ಹಾಕಿಸಿಕೊಳ್ಳಬೇಕು. ಮರಿಗೆ ಮೂರು ತಿಂಗಳಾದಾಗ ಲಸಿಕೆ, ಆಮೇಲೆ ವೈದ್ಯರ ಸಲಹೆಯಂತೆ ವರ್ಷವರ್ಷವೂ ಮರುಲಸಿಕೆ ಆಗಬೇಕು. ಬೆಕ್ಕಿಗೂ ಇದೇ ನಿಯಮ.

ಒಂದು ಮನೆಯ ನಾಯಿಗೆ ಲಸಿಕೆಯಾದರೆ ಊರು ಉಳಿಯದು. ಒಂದು ಪ್ರದೇಶದ ನಾಯಿಗಳಲ್ಲಿ ಶೇಕಡಾ 70ಕ್ಕೆ ಲಸಿಕೆಯಾದರೆ ರೋಗದ ಸರಪಳಿ ತುಂಡಾಗುತ್ತದೆ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು. ನಾಯಿಗಳಿಂದ ಹರಡುವ ರೇಬೀಸನ್ನು 2030ರೊಳಗೆ ನಿರ್ಮೂಲಗೊಳಿಸುವ ಗುರಿಯನ್ನು ಭಾರತ 2021ರ ಕ್ರಿಯಾಯೋಜನೆಯಲ್ಲಿ ಹಾಕಿಕೊಂಡಿದೆ. ಈ ಗುರಿ ಈಡೇರುವುದು ಗ್ರಾಮಗಳಲ್ಲಿ. ಬೀದಿನಾಯಿಗೆ ಅನ್ನ ಹಾಕುವ ವಿದ್ಯಾರ್ಥಿಗಳು ಅದರ ಲಸಿಕೆಯ ಹೊಣೆಯನ್ನೂ ಹೊತ್ತರೆ ಅವರ ಕರುಣೆ ಪೂರ್ಣವಾಗುತ್ತದೆ. ಗ್ರಾಮ ಪಂಚಾಯಿತಿ, ಶಾಲೆ, ಪಶು ಆಸ್ಪತ್ರೆಗಳು ಸೇರಿ ವರ್ಷಕ್ಕೊಂದು ದಿನವನ್ನು ಲಸಿಕೆಗೆ ಮೀಸಲಿಡಲಿ. ಊರಿನ ಮಕ್ಕಳು ಮೊದಲು ತಮ್ಮ ಓಣಿಯ ನಾಯಿಗಳನ್ನು ಎಣಿಸಿ ಪಟ್ಟಿ ಮಾಡಲಿ. ಕೆಲಸ ಅಲ್ಲಿಂದ ಆರಂಭವಾಗಲಿ.